ಬೀಗ ಹಾಕಿದ ಮನೆಗಳು

ಅಪ್ಪನಿಗೆ ಕಚೇರಿಯಲ್ಲಿ ಆಮೆ ಎಂದೇ ಹೆಸರು. ಮನೆ ಮನೆ ಸುತ್ತಿ ಗಣತಿ ಬರೆಯುವ ಕೆಲಸ. ಉಳಿದವರು ವಾರದಲ್ಲಿ ಮುಗಿಸುತ್ತಿದ್ದುದಕ್ಕೆ ಅವರಿಗೆ ಮೂರು ವಾರ ಬೇಕು. ಮೂವತ್ತು ವರ್ಷ ಬೈಸಿಕೊಂಡು, ಒಂದು ಬಡ್ತಿಯ ಮುಖವನ್ನೂ ಕಾಣದೆ ಈ ವರ್ಷ ನಿವೃತ್ತರಾದರು.

ಮಗಳು ಅದೇ ಕಚೇರಿಯಲ್ಲಿ ಸಂಖ್ಯಾಶಾಸ್ತ್ರಜ್ಞೆ. ಹಿಂದುಳಿದ ಅರವತ್ತು ಪ್ರದೇಶಗಳಲ್ಲಿ ಕೆಲವು ಮಾತ್ರ ಹೇಗೆ ಮೇಲೆ ಬಂದವು ಎಂದು ಅವಳು ಹೇಳಬೇಕಿತ್ತು. ಹೋದ ವರ್ಷದ ಗಣತಿಯಿಂದ ರಸ್ತೆ, ಶಾಲೆ, ವಿದ್ಯುತ್ತು, ಹೆಂಗಸರ ದುಡಿಮೆ ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದಳು. ಹೆಂಗಸರ ದುಡಿಮೆಗೂ ಬೆಳವಣಿಗೆಗೂ ಸಂಬಂಧವೇ ಇಲ್ಲ ಎಂದುಬಿಟ್ಟಿತು ಅದು. ನಿರ್ದೇಶಕರಿಗೆ ಖುಷಿಯೋ ಖುಷಿ. ಕೆಲಸಕ್ಕೆ ಹೋಗುವ ಹೆಂಗಸರಿಗೆಂದು ಬಿಟ್ಟಿದ್ದ ಬೆಳಗಿನ ಬಸ್ಸುಗಳನ್ನು ಇನ್ನು ನಿಲ್ಲಿಸಿ ಖರ್ಚು ಉಳಿಸಬಹುದಲ್ಲ! ಸೋಮವಾರ ಅವಳು ವರದಿಗೆ ಸಹಿ ಹಾಕಿದರೆ ಮುಗಿಯಿತು.

ಆದರೆ ಒಂದೇ ಒಂದು ಪ್ರದೇಶ ಅವಳ ನಿದ್ದೆ ಕೆಡಿಸಿತ್ತು. ಅಲ್ಲಿ ದುಡಿಯುವ ಹೆಂಗಸರೂ ಹೆಚ್ಚು, ಆದಾಯವೂ ಹೆಚ್ಚು. ಅದು ಅಪ್ಪ ಸುತ್ತಿದ ಪ್ರದೇಶ. ಗೋದಾಮಿನ ಧೂಳು ಕುಡಿದು ಫಾರಂಗಳನ್ನು ತೆಗೆಸಿ ನೋಡಿದಳು. ಬೀಗ ಹಾಕಿದ ಮನೆಗಳಿಗೆ ಬೇರೆಯವರೆಲ್ಲ ದುಡಿಯುವವರು ಸೊನ್ನೆ ಎಂದು ಗೀಚಿ ಕೈತೊಳೆದುಕೊಂಡಿದ್ದರು. ಅಪ್ಪನ ಫಾರಂನಲ್ಲಿ ಮೊದಲು ಪೆನ್ಸಿಲಿನ ಅಡ್ಡಗೆರೆ, ಅದರ ಮೇಲೆ ಶಾಯಿಯಲ್ಲಿ ಅಂಕಿ.

ಮನೆಗೆ ಹೋಗಿ ಕೇಳಿದಳು. ಅಪ್ಪ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದವರು ತಲೆ ಎತ್ತಲೇ ಇಲ್ಲ.

"ಹಗಲು ಹೊತ್ತು ಬೀಗ ಯಾಕಮ್ಮ ಹಾಕಿರ್ತಾರೆ? ಮನೆಯವರೆಲ್ಲ ದುಡಿಯೋಕೆ ಹೋಗಿರ್ತಾರೆ. ಅಂಥ ಮನೆಗೇ ಸೊನ್ನೆ ಬರೆದ್ರೆ ಹೇಗೆ? ಸಂಜೆ ಮತ್ತೆ ಹೋಗ್ತಿದ್ದೆ, ಅಷ್ಟೇ."

ಸೋಮವಾರ ಅವಳು ಸಹಿ ಹಾಕಲಿಲ್ಲ. ಮೂರು ವಾರ ಸಮಯ ಕೇಳಿದಳು. ನಿರ್ದೇಶಕರು ಕೆಂಡವಾದರು, ಮರಿ ಆಮೆ ಎಂದು ಕಚೇರಿಯೆಲ್ಲ ನಕ್ಕಿತು. ಅವಳು ಜಗ್ಗಲಿಲ್ಲ. ಎಲ್ಲ ಪ್ರದೇಶಗಳಿಂದಲೂ ಒಂದಷ್ಟು ಬೀಗದ ಮನೆಗಳನ್ನು ಆರಿಸಿ, ಸಂಜೆ ಹೊತ್ತು ಜನ ಕಳಿಸಿ, ಲೆಕ್ಕವನ್ನು ಮತ್ತೆ ಹಾಕಿದಳು. ಹೆಂಗಸರ ದುಡಿಮೆ ರಸ್ತೆ, ಶಾಲೆ ಎಲ್ಲವನ್ನೂ ಹಿಂದೆ ಹಾಕಿ ಮೊದಲ ಸಾಲಿಗೆ ಬಂದು ಕೂತಿತು. ನಿರ್ದೇಶಕರು ಹಾಳೆಯನ್ನು ಎರಡು ಸಲ ಓದಿ, ಇದು ಯಾವ ಪ್ರೊಫೆಸರ್ ಹೇಳಿಕೊಟ್ಟ ವಿಧಾನ ಎಂದು ಕೇಳಿದರು.

"ಆಮೆ ಹೇಳಿಕೊಟ್ಟಿದ್ದು ಸರ್. ನಮ್ಮಪ್ಪ."

ಬಸ್ಸುಗಳು ಉಳಿದವು. ಅಚ್ಚಾದ ವರದಿಯನ್ನು ಅವಳು ಅಪ್ಪನ ಕೈಗಿಟ್ಟಳು. ಬೀಗ ಕಂಡರೆ ಸೊನ್ನೆ ಬರೆಯಬಾರದು, ಸಂಜೆ ಮತ್ತೆ ಹೋಗಬೇಕು ಎಂಬ ಹೊಸ ನಿಯಮ ಮೊದಲ ಪುಟದಲ್ಲೇ ಇತ್ತು. ಅಪ್ಪ ಕನ್ನಡಕ ಒರೆಸಿ ಓದಿದರು. ಮತ್ತೆ ಒರೆಸಿದರು. ಇದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದರು.

"ಮೂರು ವಾರ ಅಪ್ಪ."

"ಅಷ್ಟು ಬೇಕೇ ಬೇಕು," ಎಂದರು ಅಪ್ಪ.