ಇಲ್ಲದ ಗುಡ್ಡ

ಔಷಧಿ ಪರೀಕ್ಷೆಯ ಪ್ರಯೋಗಾಲಯದ ಸಂಗತಿ ಕಥೆಯಾದೀತೇ ಎಂಬ ಅಳುಕಿನಿಂದಲೇ ಹೇಳುತ್ತಿದ್ದೇನೆ. ತಪ್ಪಿದ್ದರೆ ತಿಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಯಂತ್ರದ ತೆರೆಯ ಮೇಲೆ ಮತ್ತೆ ಅದೇ ಗುಡ್ಡ ಎದ್ದಾಗ, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ್ದ ಅವಳಿಗೆ ಕುರ್ಚಿಯನ್ನೇ ಎತ್ತಿ ಒಗೆಯಬೇಕೆನಿಸಿತು. ಯಂತ್ರವು ಔಷಧಿಯನ್ನು ದ್ರಾವಣದ ಜೊತೆ ಸಣ್ಣ ಉಕ್ಕಿನ ಕೊಳವೆಯೊಳಗೆ ನೂಕುತ್ತದೆ. ಬೆರೆತ ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಹೊರಬಂದು ತೆರೆಯ ಮೇಲಿನ ಗೆರೆಯಲ್ಲಿ ಒಂದೊಂದು ಗುಡ್ಡ ಬರೆಯುತ್ತದೆ. ಆದರೆ ಈಗ ಅವಳು ಔಷಧಿಯನ್ನೇ ಹಾಕಿರಲಿಲ್ಲ. ಬರೀ ದ್ರಾವಣ. ಗೆರೆ ಸಪಾಟಾಗಿ ಮಲಗಿರಬೇಕಿತ್ತು. ಶನಿವಾರದೊಳಗೆ ಮಲಗದಿದ್ದರೆ ಕೆಲಸ ಖಾಯಂ ಆಗುವ ಮಾತೇ ಇಲ್ಲ ಎಂದು ಮುಖ್ಯಸ್ಥರು ಹೇಳಿಬಿಟ್ಟಿದ್ದರು.

ದ್ರಾವಣ ಬದಲಿಸಿದಳು, ಕೊಳವೆ ಬದಲಿಸಿದಳು. ದ್ರಾವಣದ ಬಾಟಲಿಯನ್ನು ಕಲಿಸಿಕೊಟ್ಟಂತೆ ಬರೀ ಶುದ್ಧ ನೀರಿನಲ್ಲಿ ಜಾಲಿಸಿದಳು. ಗುಡ್ಡ ದಿನದಿಂದ ದಿನಕ್ಕೆ ಬೆಳೆಯಿತು.

ಅವಳಿಗೆ ಈ ಕೆಲಸ ಕೊಡಿಸಿದ ಅತ್ತಿಗೆ ಪಕ್ಕದ ವಿಭಾಗದಲ್ಲಿ ಗಾಜಿನ ಸಾಮಾನಿನ ಉಸ್ತುವಾರಿ. ಗುಡ್ಡದ ಸುದ್ದಿ ಕೇಳಿ, "ಮನೇಲೂ ನೀನು ಪಾತ್ರೆಗೆ ನೀರು ತೋರಿಸಿ ಇಡೋದೇ ಅಲ್ವಾ," ಎಂದರು.

ಶುಕ್ರವಾರ ಮಧ್ಯಾಹ್ನ ಊಟ ಬಿಟ್ಟು ಬೇಗ ವಾಪಸು ಬಂದಳು. ತೊಟ್ಟಿಯ ಬಳಿ ಅತ್ತಿಗೆ, ಮೊಣಕೈವರೆಗೆ ನೊರೆ; ಕೈಯಲ್ಲಿ ಅವಳದೇ ಬಾಟಲಿ.

"ನೀನು ತೊಳೆದಿದ್ದು ನಂಗೆ ಸಮಾಧಾನ ಆಗಲ್ಲ ಕಣೇ. ದಿನಾ ನಾನೇ ಇನ್ನೊಂದ್ಸಲ ಸೋಪು ಹಾಕ್ತಿದೀನಿ. ನಿನ್ನ ಕೆಲಸ ಉಳೀಲಿ ಅಂತ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಅವಳು ಹೊಸ ಬಾಟಲಿ ತೆಗೆದು ನೀರಿನಲ್ಲಿ ಜಾಲಿಸಿದಳು. ಸಂಜೆಗೆ ಗೆರೆ ಸಾಧುವಾಗಿ ಮಲಗಿತು.

ಆದರೆ ಕಾರಣ ಗೊತ್ತಾಗದೆ ಮುಖ್ಯಸ್ಥರು ಖಾಯಂ ಆದೇಶಕ್ಕೆ ಸಹಿ ಹಾಕುವವರಲ್ಲ. ಅವಳು ಅವರ ಕೋಣೆಗೆ ಹೋದಳು. ಅತ್ತಿಗೆ ಗಾಜಿನ ಬೀಕರುಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಬಾಟಲಿಯಲ್ಲಿ ಸೋಪು ಉಳಿದಿತ್ತು ಸರ್."

"ಸೋಪು ಹಾಕಿದ್ದು ಯಾರು?"

"ನಾನೇ."

ಇಷ್ಟೂ ಗೊತ್ತಿಲ್ಲದವರು ಇನ್ನೂ ಮೂರು ತಿಂಗಳು ಕಲಿಯಲಿ ಎಂದು ಅವರು ಖಾಯಮಾತಿಯನ್ನು ಮುಂದೂಡಿದರು. ಹೊರಗೆ ಬಂದಾಗ ಅತ್ತಿಗೆ, "ಸೋಪು ಉಳಿಯೋ ಹಾಗೆ ತೊಳೀತಾರೇನೇ ಯಾರಾದ್ರೂ," ಎಂದರು. ಅವಳು ಹಲ್ಲು ಕಚ್ಚಿಕೊಂಡಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಕಚ್ಚಿಕೊಂಡೇ ಇದ್ದಳು.

ಸೋಮವಾರ ಆ ತೊಟ್ಟಿಯ ಮೇಲೆ ಸೋಪಿನ ಡಬ್ಬಿ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಒಣಗಿದ ಬಿಳಿ ಉಂಗುರ ಮಾತ್ರ ಇತ್ತು. ಅತ್ತಿಗೆಗೆ ಅರ್ಥವಾಗಿತ್ತೋ, ಸೋಪೇ ಮುಗಿದಿತ್ತೋ, ನನಗೆ ಗೊತ್ತಿಲ್ಲ.