ಮೂರನೆಯ ಕೋಲು

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಹಾರ್ಲನ್, ಕ್ರಾಪಿ ಮೀನಿನ ವಿಷಯದಲ್ಲಿ ತಾನು ದೊಡ್ಡ ಪಂಡಿತನೆಂದುಕೊಂಡಿದ್ದ. ಕ್ರಾಪಿ ಗಾಳ ಕಚ್ಚುವುದು ಮುತ್ತಿಟ್ಟಷ್ಟು ಮೆಲ್ಲಗೆ. ಅದು ಕೈಗೆ ಗೊತ್ತಾಗಬೇಕಾದರೆ ಗಾಳದ ಕೋಲು ಹಗುರವಿರಬೇಕು. ರೀಲ್‌ಫುಟ್ ಸರೋವರದ ದಂಡೆಯ ಅಂಗಡಿಯಲ್ಲಿ ಅವನು ಗಾಳದ ದಾರ ಸುತ್ತುವ, ಕೋಳಿಮೊಟ್ಟೆಯಷ್ಟು ಪುಟ್ಟ ರೀಲೊಂದನ್ನು ಆರಿಸಿ, ಕೋಲಿನ ಪರೀಕ್ಷೆಗೆ ಹೆಂಡತಿ ಲೂಡೀನ್‌ಳನ್ನು ಕರೆದ. ಅಲ್ಲಿಯವರೆಲ್ಲ ಮಾಡುವಂತೆ ಕೋಲಿನ ತುದಿಯನ್ನು ಅವಳ ಗಂಟಲಿಗೆ ತಾಗಿಸಿ, ಮಾತಿನ ಅದುರು ಕೋಲಿನಲ್ಲಿ ಹರಿದು ಕೈಗೆ ಎಷ್ಟು ಬರುತ್ತದೆಂದು ನೋಡಲು ಹಿಡಿಯನ್ನು ತಾನು ಹಿಡಿದು ಕಣ್ಣು ಮುಚ್ಚಿದ.

“ಏನಾದ್ರೂ ಮಾತಾಡೇ.”

ಅವಳು ಮಾತಾಡಿದಳು.

“ಇದು ಮಂಕು. ಬೇರೆ ಕೊಡಪ್ಪ,” ಎಂದ ಅಂಗಡಿಯವನಿಗೆ. “ಲೂಡೀನ್, ಅದನ್ನೇ ಇನ್ನೊಂದ್ಸಲ ಹೇಳು.”

ಅವಳು ಹಲ್ಲು ಕಚ್ಚಿಕೊಂಡು ಹೇಳಿದಳು. ಅದೂ ಹಿಡಿಸಲಿಲ್ಲ. ಮೂರನೆಯ ಕೋಲಿಗೆ ಅವಳು ಮತ್ತೆ ಹೇಳಿದಾಗ ಅವನ ಅಂಗೈ ಜುಮ್ಮೆಂದಿತು.

“ಇದಪ್ಪಾ ಕೋಲು. ಒಂದಕ್ಷರ ಬಿಡಲ್ಲ,” ಎಂದು ಅದನ್ನೇ ಕೊಂಡ.

ಅರ್ಧ ಗಂಟೆಯ ಮೇಲೆ ಅವನ ದೋಣಿ ದಂಡೆಯಿಂದ ಹತ್ತು ಮಾರು ದೂರದಲ್ಲಿತ್ತು. ಒಳಗೆ ನೀರು ಕಣಕಾಲು ಮುಟ್ಟಿತ್ತು.

“ಲೂಡೀನ್, ದೋಣಿ ತಳದ ತೂತಿನ ಬಿರಡೆ ಎಲ್ಲೇ?”

ದಂಡೆಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ ಅವಳು ಕಾಫಿ ಗುಟುಕರಿಸಿದಳು.

“ಅಡುಗೆಮನೆ ಮೇಜಿನ ಮೇಲೆ ಬಿಟ್ಟು ಬಂದಿದೀಯ. ಅಂಗಡೀಲಿ ಮೂರು ಸಲ ಅದನ್ನೇ ತಾನೆ ನಾನು ಹೇಳಿದ್ದು?”

ಹಾರ್ಲನ್ ಹೊಸ ಕೋಲನ್ನೊಮ್ಮೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ನೀರು ಮೊಗೆಯತೊಡಗಿದ.

“ಕೋಲಿಗೆ ಕೇಳಿಸಿದ್ದು ಈ ಕತ್ತೆಗೆ ಕೇಳಿಸ್ಲಿಲ್ಲ ನೋಡು,” ಎಂದ.