ಸೊಂಡಿಲಿಗೆ ಕಟ್ಟಿದ ಖಣ

ನನ್ನ ಯಜಮಾನನಿಗೆ ನನ್ನ ದನಿ ಕೇಳಿಸುತ್ತಿಲ್ಲವೇನೋ ಎಂಬ ಸಣ್ಣದೊಂದು ಚಿಂತೆ ಆ ವರ್ಷ ನನ್ನನ್ನು ಹಿಡಿದಿತ್ತು. ಯಾರಿಗೆ ಹೇಳುವುದು? ನನಗಿರುವ ಬಾಯಿಯೆಂದರೆ ಇಂಜಿನ್ ಒಂದೇ. ಅದರ ಸಪ್ಪಳವೇ ಅವನಿಗೆ ಮುಟ್ಟದಿದ್ದರೆ ನನ್ನ ಮಾತು ಅಲ್ಲಿಗೆ ಮುಗಿಯಿತು.

ನಾನೊಂದು ಜೀಪು. ಡೀಸೆಲ್ ಕುಡಿಯುವ, ನಾಲ್ಕೂ ಗಾಲಿಗೆ ಬಲವಿರುವ ಹಳೇ ಕಾಲದ ಜೀಪು. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ತಗಡಾಗಿದ್ದಾಗಿನ ನೆನಪು ಮಸುಕು; ಮೊದಲ ಸಲ ಇಂಜಿನ್ ಹೊತ್ತಿಕೊಂಡಾಗ ಮೈಯೆಲ್ಲ ನಡುಗಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಅಲ್ಲಿಂದ ಒಂದು ಸರಕಾರಿ ಕಚೇರಿಗೆ ಬಂದೆ. ಸಾಹೇಬರ ಮುಖ ನನಗೆ ಗೊತ್ತಿಲ್ಲ, ಬೂಟು ಗೊತ್ತು. ವರ್ಗವಾದಾಗಲೆಲ್ಲ ಬೂಟು ಬದಲಾಗುತ್ತಿತ್ತು, ಕೆಸರು ಅದೇ ಇರುತ್ತಿತ್ತು. ಹೊಸ ಗಾಡಿ ಬಂದ ಮೇಲೆ ನನ್ನನ್ನು ಕಚೇರಿಯ ಹಿಂದಿನ ಜಾಲಿಗಿಡದ ಬುಡಕ್ಕೆ ತಳ್ಳಿದರು. ಹರಾಜಿನ ದಿನ ಬಂದವರೆಲ್ಲ ಟೈರು ಒದ್ದು ನೋಡಿದರೆ, ಒಬ್ಬ ಮಾತ್ರ ಇಂಜಿನ್ ಹೊತ್ತಿಸಿ, ಬಾನೆಟ್ಟಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ.

"ಎದಿ ಗಟ್ಟಿ ಐತಿ. ಬರೇ ಕೆಮ್ಮು," ಎಂದ.

ಅವನೇ ತಿಪ್ಪಣ್ಣ. ಸಪ್ಪಳ ಕೇಳಿ ಗಾಡಿಯ ಜಡ್ಡು ಹೇಳುವವನೆಂದು ಸುತ್ತಲ ಊರಿಗೆಲ್ಲ ಹೆಸರಾಗಿದ್ದ. ಕೃಷ್ಣಾ ಹೊಳೆಯ ದಂಡೆಯಲ್ಲಿ ಅವನ ಮನೆ. ಹೊಳೆಯ ಕವಲೊಂದನ್ನು ದಾಟಿದರೆ ಹೊನ್ನಗಡ್ಡಿ. ನಾಲ್ಕೂ ಕಡೆ ನೀರಿರುವ ಸಣ್ಣ ಊರು. ಬೇಸಿಗೆಯಲ್ಲಿ ಹಾಸುಗಲ್ಲಿನ ಮೇಲೆ ನಡೆದೇ ಹೋಗುತ್ತಾರೆ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಕವಲು ಎದೆಮಟ್ಟ ಏರುತ್ತದೆ. ಆಗ ಆಚೆಗೆ ಜನರನ್ನೂ ಸಾಮಾನನ್ನೂ ಮುಟ್ಟಿಸುವುದು ನನ್ನ ಕೆಲಸ.

ನೀರಿಗಿಳಿಯುವ ಮುಂಚೆ ನನ್ನನ್ನು ಸಿಂಗರಿಸುವವಳು ಅವನ ಮಗಳು ಹುಲಿಗೆಮ್ಮ. ಹೆಸರು ಹುಲಿ, ದನಿ ಗುಬ್ಬಿಯದು. ಬಿ.ಎ. ಮುಗಿಸಿದ್ದಳು. ಸಂಜೆ ನನ್ನ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು ಡೈರಿ ಬರೆಯುತ್ತಿದ್ದಳು. ಏನು ಬರೆದಳೋ, ನನಗೆ ಓದಲು ಬರುವುದಿಲ್ಲ. ಆದರೆ ಅವಳ ಕೈ ನನಗೆ ಗೊತ್ತು. ಇಂಜಿನ್ನು ಉಸಿರಾಡುವ ಉದ್ದನೆಯ ಕೊಳವೆಯನ್ನು ನನ್ನ ಎಡಮಗ್ಗುಲಿಗೆ, ಟಾಪಿಗಿಂತ ಎತ್ತರಕ್ಕೆ ನಿಲ್ಲಿಸುತ್ತಿದ್ದಳು. ಊರಿನವರು ಅದನ್ನು ಸೊಂಡಿಲು ಎನ್ನುತ್ತಾರೆ. ಓಡಿ ಬಿಸಿಯಾದ ಆಕ್ಸಲ್ಲು ತಣ್ಣೀರಿಗೆ ಬಿದ್ದರೆ ಒಳಗೆ ನೀರು ಎಳೆದುಕೊಳ್ಳುತ್ತದೆ. ಅದಕ್ಕೆ ಗಾಳಿ ಮೇಲಿಂದ ಸಿಗಲೆಂದು ರಬ್ಬರಿನ ಸಣ್ಣ ನಳಿಗೆಗಳನ್ನು ಬಾನೆಟ್ಟಿನವರೆಗೆ ಎಳೆದು ಕಟ್ಟುತ್ತಿದ್ದಳು. ಫ್ಯಾನು ನೀರು ಎರಚಬಾರದೆಂದು ಬೆಲ್ಟು ಬಿಚ್ಚುತ್ತಿದ್ದಳು. ವೈರಿನ ಗಂಟುಗಳಿಗೆಲ್ಲ ಗ್ರೀಸು. ಕ್ಲಚ್ಚಿನ ಕೆಳಗಿನ ತೂತಿಗೆ ಬಿರಡೆ. ಮೂತಿಗೆ ಅಡ್ಡಲಾಗಿ ತಾಡಪತ್ರಿ, ನೀರನ್ನು ಸೀಳಲಿಕ್ಕೆ. ಬಾಗಿಲು ತೆಗೆದಿಡುವುದೂ ಅವಳೇ. ನೀರು ಒಳಗೆ ಬರಲಿ, ಗಾಡಿ ತೇಲಬಾರದು.

ಆ ವರ್ಷ ತಿಪ್ಪಣ್ಣ ಗೇರು ತಡವಾಗಿ ಬದಲಿಸತೊಡಗಿದ್ದ. ನಾನು ನರಳಿದರೂ ಸುಮ್ಮನಿರುತ್ತಿದ್ದ. ಯಾರಾದರೂ ಕೂಗಿದರೆ, "ಹೌದಪಾ, ಹೌದು," ಎಂದು ನಗುತ್ತಿದ್ದ. ಹುಲಿಗೆಮ್ಮ ಅವನ ಮುಖ ನೋಡುವಳು, ಬಾಯಿ ತೆರೆಯುವಳು, ಮತ್ತೆ ಗ್ರೀಸಿನ ಡಬ್ಬಿಗೆ ತಿರುಗುವಳು. ಕಿವಿಯಿಂದಲೇ ಹೆಸರು ಗಳಿಸಿದವನಿಗೆ ಅದನ್ನು ಹೇಗೆ ಹೇಳುವುದು? ನನ್ನ ಚಿಂತೆಯೇ ಅವಳದೂ ಆಗಿತ್ತು.

ಹೊಳೆ ಬಂದ ಮೇಲಿನ ಮೊದಲ ದಾಟು. ಗಾದಿ ಹೊಲಿಯುವ ಕಾಶಿಮಸಾಬ ಹೊನ್ನಗಡ್ಡಿಯ ಮದುವೆಮನೆಗೆಂದು ಅರಳೆಯ ಗಂಟು ಹೊತ್ತು ಬಂದ. ಹಿಂದೆ ಕೂತು ಗಂಟನ್ನು ತಲೆಯ ಮೇಲಿಟ್ಟುಕೊಂಡ.

"ನಾ ತೊಯ್ದ್ರ ಒಣಗ್ತೀನವಾ, ಅಳ್ಳಿ ತೊಯ್ದ್ರ ಮದುಮಗ ಕಲ್ಲಿನ ಮ್ಯಾಲೆ ಮಲಗಬೇಕಾಗ್ತೈತಿ!"

ತಿಪ್ಪಣ್ಣನ ತಾಯಿ ದ್ಯಾಮವ್ವ ಹೊಳೆಗೆ ಉಡಿ ತುಂಬಿ, ಕುಪ್ಪಸದ ಒಂದು ಹಸಿರು ಖಣ ಹಿಡಿದು ನನ್ನತ್ತ ಬಂದಳು. ಸೊಂಡಿಲಿನ ಕೊರಳಿಗೆ ಅದನ್ನು ಕಟ್ಟಿದಳು. ಗಂಟು ಬಿಗಿಯಾಯಿತು, ಖಣದ ಸೆರಗು ಉದ್ದ ಉಳಿಯಿತು.

"ಆಯೀ, ಅಲ್ಲಿ ಬ್ಯಾಡ..." ಹುಲಿಗೆಮ್ಮನ ಮಾತು ಅವಳ ತುಟಿ ದಾಟಲಿಲ್ಲ.

"ಸೊಂಡಿಲಿದ್ದ ಮ್ಯಾಲೆ ಇವ ಗಣಪ್ಪನಽ. ಬರೇ ಮೈಲೆ ಹೊಳಿಗಿ ಇಳಸ್ತಾರೇನ?" ಎಂದಳು ದ್ಯಾಮವ್ವ.

ನಾನು ತಣ್ಣಗಾಗುವವರೆಗೆ ಕಾಯ್ದು, ಸಣ್ಣ ಗೇರಿನಲ್ಲಿ ಮೆಲ್ಲಗೆ ಇಳಿದೆವು. ನೀರು ಗಾಲಿ ಮುಚ್ಚಿತು, ಸೀಟು ಮುಟ್ಟಿತು. ನಡುಹೊಳೆಯಲ್ಲಿ ಗಾಳಿ ಬೀಸಿತು. ಖಣದ ಸೆರಗು ಹಾರಿ ಸೊಂಡಿಲಿನ ಬಾಯಿಗೆ ಬಿತ್ತು; ನನ್ನ ಉಸಿರೇ ಅದನ್ನು ಒಳಕ್ಕೆಳೆದು ಬಿಗಿಯಿತು. ನಾನು ಗೊರಗೊರ ಅಂದೆ. ನನಗೆ ತಿಳಿದ ಭಾಷೆಯಲ್ಲಿ ಅದಕ್ಕಿಂತ ದೊಡ್ಡದಾಗಿ ಕೂಗಲು ಬರುವುದಿಲ್ಲ.

ಬಲ ಕುಂದಿದ್ದು ತಿಪ್ಪಣ್ಣನ ಕಾಲಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಗಾಲಿಗೆ ಕಲ್ಲು ಅಡ್ಡ ಬಂದಿದೆ ಅಂದುಕೊಂಡು ಇನ್ನಷ್ಟು ತುಳಿದ. ತುಳಿದಷ್ಟೂ ಬಟ್ಟೆ ಬಿಗಿಯಿತು. ಇಂಜಿನ್ ಅಲ್ಲಿ ನಿಂತರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಸೆಳೆತ ನಮ್ಮನ್ನು ಮಡುವಿಗೆ ತಳ್ಳುತ್ತದೆ.

"ತಿಪ್ಪಣ್ಣಾ, ಗಾಡಿ ಸಾಯಾಕತ್ತೈತಿ!" ಕಾಶಿಮಸಾಬ ಚೀರಿದ.

"ಹೌದಪಾ, ಹೌದು," ಎಂದ ತಿಪ್ಪಣ್ಣ, ನಗುತ್ತ.

ಅವನ ಎಡಕ್ಕೆ ಕೂತಿದ್ದ ಹುಲಿಗೆಮ್ಮ ಸೀಟು ಬಿಟ್ಟು ಎದ್ದಳು. ಒಂದು ಕೈಯಲ್ಲಿ ಗಾಜಿನ ಚೌಕಟ್ಟು ಹಿಡಿದು ನೀರಿನ ಮೇಲೆ ಹೊರಕ್ಕೆ ಬಾಗಿ, ಇನ್ನೊಂದರಿಂದ ಖಣವನ್ನು ಕಿತ್ತೆಳೆದಳು. ಪರ್ರನೆ ಹರಿಯಿತು. ನಾನು ಉಸಿರು ತೆಗೆದುಕೊಂಡೆ. ಹಸಿರು ತುಂಡೊಂದು ಹೊಳೆಯ ಪಾಲಾಯಿತು.

ಈಗ ನಾನು ತಿಪ್ಪಣ್ಣನ ಹಿತ್ತಲಲ್ಲಿ ಗಾಲಿಯಿಲ್ಲದೆ ಕೂತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಸೊಂಡಿಲಿನೊಳಗೆ ಕಣಜ ಗೂಡು ಕಟ್ಟಿದೆ. ನೀರು ನನ್ನನ್ನು ಕೊಲ್ಲಲಿಲ್ಲ, ತುಕ್ಕು ನಿಧಾನವಾಗಿ ಆ ಕೆಲಸ ಮಾಡುತ್ತಿದೆ, ನನಗೇನೂ ದೂರಿಲ್ಲ. ಆ ದಿನದ ನಂತರ ನೀರಿಗಿಳಿದಾಗಲೆಲ್ಲ ನನ್ನ ಸ್ಟೇರಿಂಗಿನ ಮೇಲಿದ್ದದ್ದು ಹುಲಿಗೆಮ್ಮನ ಕೈ, ಪಕ್ಕದ ಸೀಟಿನಲ್ಲಿ ತಿಪ್ಪಣ್ಣ. ಅದು ಹಾಗಾದದ್ದು ಆಚೆ ದಂಡೆಯ ಮೇಲೆ ಆಡಿದ ಒಂದು ಮಾತಿನಿಂದ.

ದಂಡೆ ಹತ್ತಿ ನಿಂತಿದ್ದೆವು. ಮೈಯಿಂದ ನೀರು ಸೋರುತ್ತಿತ್ತು. ಮದುವೆಮನೆಯವರು ಅರಳೆಗಂಟು ಇಳಿಸಿಕೊಳ್ಳಲು ಸುತ್ತ ನೆರೆದಿದ್ದರು.

"ದೇವರ ಖಣ ಹರದ್ಯಲ್ಲಬೇ, ಏನ್ ಹುಚ್ಚು ಹಿಡದೈತಿ ನಿನಗ?" ತಿಪ್ಪಣ್ಣ ಗದರಿಸಿದ.

ಹುಲಿಗೆಮ್ಮ ತಲೆ ತಗ್ಗಿಸಿ ಏನೋ ಅಂದಳು.

"ಏನಂದಿ?"

ಮತ್ತೆ ಅಂದಳು. ಅಷ್ಟೇ ಮೆಲ್ಲಗೆ.

"ಏನಂದಿ? ಬಾಯಿ ಬಿಚ್ಚಿ ಹೇಳು!"

ಅವಳು ಸುತ್ತ ನಿಂತ ಜನರನ್ನೊಮ್ಮೆ ನೋಡಿದಳು. ಒದ್ದೆ ಕೈಯನ್ನು ನನ್ನ ಬಾನೆಟ್ಟಿನ ಮೇಲಿಟ್ಟಳು. ಆಮೇಲೆ ಅಪ್ಪನ ಮುಖದ ಹತ್ತಿರ ಮುಖ ತಂದು, ಹೊನ್ನಗಡ್ಡಿಗೆಲ್ಲ ಕೇಳುವಂತೆ ಕೂಗಿದಳು:

"ಅಪ್ಪಾ, ನಿನಗ ಕಿವಿ ಕೇಳಸಾಕತ್ತಿಲ್ಲ!"